ಸಮಚಿತ್ತವೂ ಸ್ವಂತ ಆಯ್ಕೆಯೂ: 48 ದಿನದ ಅಭ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಮುಂಗಾರು ಶುರುವಾದರೆ ಮಂಡ್ಯ ಸೀಮೆಯ ಟೀ ಅಂಗಡಿಗಳಲ್ಲಿ ಮೊದಲ ಪ್ರಶ್ನೆ ಒಂದೇ: "ಕಟ್ಟೆ ಎಷ್ಟಾಯ್ತು?" ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ ಎನ್ನುವುದು ಕೇಳಿದವರ ಕೈಯಲ್ಲೂ ಇಲ್ಲ, ಹೇಳಿದವರ ಕೈಯಲ್ಲೂ ಇಲ್ಲ. ಕೊಡಗಿನಲ್ಲಿ ಮಳೆಯಾಗಬೇಕು, ನಾಲೆಗೆ ನೀರು ಬಿಡುವ ತೀರ್ಮಾನ ಇನ್ನೆಲ್ಲೋ ಆಗಬೇಕು. ಆದರೆ ಈಗಲೇ ಒಟ್ಲು (ಸಸಿಮಡಿ) ಬಿಡಬೇಕೋ ಹತ್ತು ದಿನ ಕಾಯಬೇಕೋ, ಭತ್ತವೋ ರಾಗಿಯೋ, ಇರುವ ದುಡ್ಡಿನಲ್ಲಿ ಗೊಬ್ಬರಕ್ಕೆಷ್ಟು, ಮಗಳ ಫೀಸಿಗೆಷ್ಟು ಎನ್ನುವುದೆಲ್ಲ ಪೂರ್ತಿ ಆ ಮನೆಯವರದೇ. ಮೊದಲನೆಯದರ ಚಿಂತೆ ಎರಡನೆಯದರ ಬುದ್ಧಿಯನ್ನು ತಿಂದುಹಾಕುತ್ತದೆ. ಗೀತೆ ಸಮತ್ವ ಎಂದು ಕರೆದದ್ದು ಈ ತಿನ್ನುವಿಕೆಯನ್ನು ನಿಲ್ಲಿಸುವ ವಿದ್ಯೆಯನ್ನು. ಅದು ಆಯ್ಕೆಯನ್ನು ಬಿಟ್ಟುಕೊಡುವ ವಿದ್ಯೆಯಲ್ಲ, ಆಯ್ಕೆಗೆ ಜಾಗ ಮಾಡಿಕೊಡುವ ವಿದ್ಯೆ.

ನಮ್ಮ ಕಡೆ ಇದು ಹೆಚ್ಚಾಗಿ ತಲೆಕೆಳಗಾಗಿದೆ. ಮಾಡಬೇಕಾದ ಆಯ್ಕೆಗೆ "ಹಣೆಬರಹ" ಎನ್ನುತ್ತೇವೆ, ನುಂಗಿಕೊಂಡ ಸಿಟ್ಟಿಗೆ "ಸಮಚಿತ್ತ" ಎನ್ನುತ್ತೇವೆ. ಎರಡೂ ತಪ್ಪು. ಹಾಗಾಗಿ ಅಭ್ಯಾಸಕ್ಕೆ ಮೊದಲು ಮಾತುಗಳನ್ನು ಸರಿಮಾಡಿಕೊಳ್ಳೋಣ.

ಸಮತ್ವ ಯಾವುದು, ಯಾವುದಲ್ಲ

"ಸಮತ್ವಂ ಯೋಗ ಉಚ್ಯತೇ" ಎಂಬ ಮಾತು ಗೀತೆಯ 2ನೇ ಅಧ್ಯಾಯದ 48ನೇ ಶ್ಲೋಕದ ಕೊನೆಯಲ್ಲಿದೆ. ಅದೇ ಶ್ಲೋಕದ ಆರಂಭ "ಯೋಗಸ್ಥಃ ಕುರು ಕರ್ಮಾಣಿ". "ಕುರು" ಎಂದರೆ ಮಾಡು. ಬಿಲ್ಲು ಕೆಳಗಿಟ್ಟು ಕುಳಿತವನಿಗೆ ಹೇಳಿದ ಮಾತಿದು. ಕೂತಿರು ಎಂದಲ್ಲ, ಎದ್ದು ಮಾಡು ಎಂದು. ಇದರ ಹಿಂದಿನ 47ನೇ ಶ್ಲೋಕದ ಮೊದಲ ಪಾದ "ಕರ್ಮಣ್ಯೇವಾಧಿಕಾರಸ್ತೇ" ಎಲ್ಲರ ಬಾಯಲ್ಲೂ ಇದೆ, ಗೋಡೆಯ ಕ್ಯಾಲೆಂಡರಿನಲ್ಲೂ ಇದೆ. ನಾಲ್ಕನೇ ಪಾದ "ಮಾ ತೇ ಸಂಗೋಽಸ್ತ್ವಕರ್ಮಣಿ" ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಸುಮ್ಮನಿರುವುದಕ್ಕೂ ಅಂಟಿಕೊಳ್ಳಬೇಡ ಎಂದು ಅದರ ಅರ್ಥ. ಇಡೀ ಉಪದೇಶ ಮುಗಿಯುವ ಹೊತ್ತಿಗೆ, 18ನೇ ಅಧ್ಯಾಯದ 63ನೇ ಶ್ಲೋಕದಲ್ಲಿ, ಕೃಷ್ಣ ಹೇಳುವುದು: "ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು". ಇದನ್ನೆಲ್ಲ ಚೆನ್ನಾಗಿ ವಿಚಾರ ಮಾಡಿ, ನಿನಗೆ ಹೇಗೆ ಬೇಕೋ ಹಾಗೆ ಮಾಡು. ದೇವರೇ ಎದುರು ನಿಂತು ಹೇಳಿದ ಮೇಲೂ ಆಯ್ಕೆ ಅರ್ಜುನನದೇ ಆಗಿ ಉಳಿಯಿತು. ನಮಗೆ ಇಡೀ ಗ್ರಂಥದಲ್ಲಿ ಅತಿ ಮುಖ್ಯವೆನಿಸುವ ಸಾಲು ಇದು.

ಸಮತ್ವದಂತೆ ಕಾಣುವ ಮೂರು ಬೇರೆ ಸ್ಥಿತಿಗಳಿವೆ. ಮೊದಲನೆಯದು ಉದಾಸೀನ, ಅಂದರೆ ನಾವು ಮಾತಿನಲ್ಲಿ ಬಳಸುವ ಅರ್ಥದ ಅಸಡ್ಡೆ. (ಗೀತೆಯ "ಉದಾಸೀನವದಾಸೀನಃ" ಬೇರೆ, ಅಲ್ಲಿ ಅದು ಗುಣಗಳ ಎಳೆದಾಟಕ್ಕೆ ಅಲುಗದೆ ಕೂತವನ ವರ್ಣನೆ.) ಎರಡನೆಯದು ಅದುಮಿಡುವುದು. ಕೈಕಾಲು ಕಟ್ಟಿಕೊಂಡು ಮನಸ್ಸಿನಲ್ಲಿ ಅದನ್ನೇ ಮೆಲುಕು ಹಾಕುವವನನ್ನು 3ನೇ ಅಧ್ಯಾಯದ 6ನೇ ಶ್ಲೋಕ "ಮಿಥ್ಯಾಚಾರ" ಎಂದು ನೇರವಾಗಿ ಕರೆಯುತ್ತದೆ. ಮೂರನೆಯದು ದಣಿವು: ಹೋರಾಡಿ ಸಾಕಾಗಿ "ಏನಾದ್ರೂ ಆಗ್ಲಿ" ಎನ್ನುವ ಸ್ಥಿತಿ.

ಪರೀಕ್ಷೆ ಸುಲಭ. ಘಟನೆ ನಡೆದ ಎರಡು ದಿನದ ಮೇಲೆ ಅದರ ಮಾತು ಬಂದಾಗ ದವಡೆ ಬಿಗಿಯಾದರೆ, ದನಿ ಒಂದು ಮೆಟ್ಟಿಲು ಏರಿದರೆ, ಅದು ಅದುಮಿಟ್ಟದ್ದು. ಮಾತೇ ಬೇಡವೆನಿಸಿದರೆ ದಣಿವು. ಎದುರಿಗಿದ್ದವರ ನೋವೂ ಮುಟ್ಟದಿದ್ದರೆ ಅಸಡ್ಡೆ. ನೋವು ಗೊತ್ತಾಗುತ್ತಿದ್ದು, ಮುಂದೇನು ಮಾಡಬೇಕೆಂಬುದೂ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಸಮತ್ವ.

ಆಯ್ಕೆ ಎಷ್ಟು ನಮ್ಮದು?

ಕರ್ಮವನ್ನು ವೇದಾಂತಿಗಳು ಮೂರಾಗಿ ವಿಂಗಡಿಸುತ್ತಾರೆ: ಬತ್ತಳಿಕೆಯಲ್ಲಿರುವ ಬಾಣ ಸಂಚಿತ, ಬಿಲ್ಲಿನಿಂದ ಹೊರಟುಹೋದದ್ದು ಪ್ರಾರಬ್ಧ, ಈಗ ಹೂಡುತ್ತಿರುವುದು ಆಗಾಮಿ. ಹುಟ್ಟಿದ ಮನೆ, ದೇಹ, ಈಗಾಗಲೇ ಬಂದುಬಿಟ್ಟ ಫಲಿತಾಂಶ ಪ್ರಾರಬ್ಧಕ್ಕೆ ಸೇರಿದವು. ಅದಕ್ಕೆ ಉತ್ತರವಾಗಿ ಈ ಕ್ಷಣ ಹೂಡುವ ಬಾಣ ಪ್ರಾರಬ್ಧವಲ್ಲ. ಈ ಒಂದು ವ್ಯತ್ಯಾಸ ತಲೆಯಲ್ಲಿ ನಿಂತರೆ ಅರ್ಧ ಕೆಲಸ ಆದಂತೆ.

ಈ ಸೀಮೆಯಲ್ಲಿ ಅದ್ವೈತ, ವಿಶಿಷ್ಟಾದ್ವೈತ, ದ್ವೈತ ಎಂಬ ಮೂರು ವೇದಾಂತಗಳೂ ಒಟ್ಟಿಗೆ ಬದುಕಿವೆ. ಮೊದಲ ಎರಡು ಈ ಪ್ರಶ್ನೆಗೆ ಕೊಟ್ಟ ಉತ್ತರ ಗದ್ದೆ-ಸ್ವತ್ತಿನ ಭಾಷೆಯಲ್ಲೇ ಇರುವುದು ನಮ್ಮ ಅದೃಷ್ಟ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ (2.1.34) ಈಶ್ವರನನ್ನು ಮಳೆಗೆ ಹೋಲಿಸುತ್ತಾರೆ. ಮಳೆ ಎಲ್ಲಕ್ಕೂ ಸಮಾನ ಕಾರಣ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬರುವುದಕ್ಕೆ ಆಯಾ ಬೀಜವೇ ಕಾರಣ. ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ನೆಲೆಸಿದ್ದರೆಂದು ಪರಂಪರೆ ಹೇಳುವ ರಾಮಾನುಜರು ಜಂಟಿ ಸ್ವತ್ತಿನ ಉದಾಹರಣೆ ಕೊಡುತ್ತಾರೆ. ಇಬ್ಬರಿಗೆ ಸೇರಿದ ಆಸ್ತಿಯನ್ನು ಒಬ್ಬ ಪರರಿಗೆ ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಆದರೂ ಕೊಡಲು ಹೊರಟವನು ಇವನೇ, ಆದ್ದರಿಂದ ಫಲವೂ ಇವನದೇ. ಹಾಗೆ ಜೀವ ಮೊದಲ ಪ್ರಯತ್ನ ಮಾಡುತ್ತಾನೆ, ಅಂತರ್ಯಾಮಿ (ಒಳಗಿರುವ ದೇವರು) ಅನುಮತಿ ಕೊಡುತ್ತಾನೆ. ಮಧ್ವರ ಮತದಲ್ಲಿ ಸ್ವತಂತ್ರನು ವಿಷ್ಣು ಒಬ್ಬನೇ. ಜೀವಾತ್ಮ ಕೆಲಸದ ಕರ್ತೃ ಎನ್ನುವುದು ನಿಜ, ಆದರೆ ಅದು ಅವನು ಕೊಟ್ಟದ್ದು. ತತ್ತ್ವದಲ್ಲಿ ಈ ಮೂವರ ನಡುವೆ ದೊಡ್ಡ ಜಗಳವಿದೆ. "ಹಾಗಾದರೆ ನಾನೇನೂ ಮಾಡಬೇಕಾಗಿಲ್ಲ" ಎಂದು ಮಾತ್ರ ಮೂವರಲ್ಲಿ ಯಾರೂ ಹೇಳಿಲ್ಲ. ಯೋಗವಾಸಿಷ್ಠ ಎಂಬ ಗ್ರಂಥ ಇನ್ನೂ ಕಟುವಾಗಿದೆ: ದೈವ ಎನ್ನುವುದು ನಿನ್ನದೇ ಹಿಂದಿನ ಪುರುಷಪ್ರಯತ್ನ, ಹಳೆಯದೂ ಹೊಸದೂ ಎರಡು ಟಗರುಗಳಂತೆ ಹಾಯುತ್ತವೆ, ಬಲವಾದದ್ದು ಗೆಲ್ಲುತ್ತದೆ.

ಶುರು ಮಾಡುವ ಮುನ್ನ

ಬೇಕಾದದ್ದು ಕಡಿಮೆ: 100 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಚೊಂಬು ನೀರು, ಒಂದು ಉದ್ಧರಣೆ. ಉದ್ಧರಣೆ ಇಲ್ಲದಿದ್ದರೆ ಚಮಚವೂ ಆಗುತ್ತದೆ. ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ, 48 ದಿನ, ಅಂದರೆ ಒಂದು ಮಂಡಲ. ದಿನಕ್ಕೆರಡು ಪುಟದಂತೆ 96 ಪುಟವಾಗುತ್ತದೆ, ನಾಲ್ಕು ಪುಟ ಮಿಗುತ್ತದೆ. ಜಾಗ ಒಂದೇ ಇರಲಿ. ದೇವರ ಕೋಣೆಯೇ ಆಗಬೇಕೆಂದಿಲ್ಲ, ಹಿತ್ತಲ ಜಗಲಿಯೂ ಸರಿ. ಗೀತೆ 6ನೇ ಅಧ್ಯಾಯದಲ್ಲಿ ಆಸನ ಅತಿ ಎತ್ತರವೂ ಅತಿ ತಗ್ಗೂ ಇರಬಾರದೆನ್ನುತ್ತದೆ, ಊಟ-ನಿದ್ದೆಯಲ್ಲೂ ಅದೇ ಮಿತಿಯನ್ನು ಹೇಳುತ್ತದೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಸಮತ್ವ ಹುಡುಕಿದರೆ ಸಿಗುವುದು ತೂಕಡಿಕೆ ಮಾತ್ರ.

ಮನೆಯಲ್ಲಿ ಮದುವೆ ಇರುವ ವಾರ, ಪರೀಕ್ಷೆಯ ವಾರ ಶುರು ಮಾಡಬೇಡಿ. ಮೊದಲ ಏಳು ದಿನ ಸಾಮಾನ್ಯ ದಿನಗಳೇ ಆಗಿರಲಿ.

ಹೆಜ್ಜೆ 1: ಐದು ಕಾರಣಗಳ ಹಾಳೆ

ಇದು ಇಡೀ ಅಭ್ಯಾಸದ ತಾಯಿಬೇರು, ಹಾಗಾಗಿ ಇಲ್ಲಿ ನಿಧಾನಿಸಿ. ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ಯಾವುದೇ ಕೆಲಸಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತಾ, ಕರಣ, ಚೇಷ್ಟೆ (ಇಲ್ಲಿ ಕೀಟಲೆಯಲ್ಲ, ಮಾಡುವ ಕ್ರಿಯೆಗಳು), ದೈವ. ಭಾಷ್ಯಕಾರರು ಅಧಿಷ್ಠಾನವನ್ನು ದೇಹವೆಂದು, ಕರಣವನ್ನು ಇಂದ್ರಿಯಗಳೆಂದು ಹೇಳುತ್ತಾರೆ. ದೈವವನ್ನು ಶಂಕರರು ಇಂದ್ರಿಯಗಳಿಗೆ ಅನುಗ್ರಹಿಸುವ ಆದಿತ್ಯ ಮೊದಲಾದ ದೇವತೆಗಳೆಂದೂ, ರಾಮಾನುಜರು ಅಂತರ್ಯಾಮಿ ಪರಮಾತ್ಮನೆಂದೂ ಬಿಡಿಸುತ್ತಾರೆ. ದಿನನಿತ್ಯದ ಬಳಕೆಗೆ ಇದನ್ನು ಹೊಲದಂತೆ ಓದಿಕೊಳ್ಳಬಹುದು. ದೇಹವನ್ನೇ "ಕ್ಷೇತ್ರ" ಎಂದು 13ನೇ ಅಧ್ಯಾಯ ಕರೆದಿರುವುದರಿಂದ ಇದು ತೀರ ದೂರದ ಓದೂ ಅಲ್ಲ. ನೆಲ, ಉಳುವವನು, ನೇಗಿಲು-ಎತ್ತು, ಉಳುಮೆಯಿಂದ ಕಳೆಯವರೆಗಿನ ಕೆಲಸಗಳು, ಕೊನೆಗೆ ಮಳೆ. ಐದರಲ್ಲಿ ಒಬ್ಬ ನೀವು. ಒಬ್ಬ ಮಾತ್ರ, ಆದರೆ ನಿಮ್ಮನ್ನು ಬಿಟ್ಟರೆ ಐದು ಆಗುವುದಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. ಮದ್ದೂರಿನ ಕಡೆಯ ಒಂದು ಮನೆ, ಎರಡು ಎಕರೆ ನೀರಾವರಿ. ಮಗಳು ಮೈಸೂರಿನಲ್ಲಿ ಡಿಗ್ರಿ ಮುಗಿಸಿದ್ದಾಳೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಕರೆ ಬಂದಿದೆ. ಮನೆಗೆ ಗಂಡಿನ ಕಡೆಯವರೂ ಬಂದು ಹೋಗಿದ್ದಾರೆ. ಅವ್ವ "ಋಣ ಇದ್ದಂಗಾಯ್ತದೆ ಬುಡವ್ವ" ಎನ್ನುತ್ತಾಳೆ. ಅಪ್ಪ ಏನೂ ಹೇಳುತ್ತಿಲ್ಲ. ಹಾಳೆಯ ಎಡಬದಿಯಲ್ಲಿ ಐದು ಹೆಸರು ಬರೆದು ಅವಳು ತುಂಬಬೇಕು:

ಅಧಿಷ್ಠಾನ: ನನ್ನ ಆರೋಗ್ಯ, ವಯಸ್ಸು, ಈಗ ನಿಂತಿರುವ ಜಾಗ.
ಕರ್ತಾ: ಈ ವಿಷಯದಲ್ಲಿ ನಾನು ಯಾರಾಗಿ ಮಾತಾಡುತ್ತಿದ್ದೇನೆ? ಮಗಳಾಗಿಯೋ, ಕೆಲಸಕ್ಕೆ ಅರ್ಜಿ ಹಾಕಿದವಳಾಗಿಯೋ, ಎರಡೂ ಆಗಿಯೋ?
ಕರಣ: ಓದು, ಭಾಷೆ, ಕೈಯಲ್ಲಿರುವ ಹಣ, ಮೂರು ತಿಂಗಳ ಪಿಜಿ ಬಾಡಿಗೆಗೆ ಬೇಕಾದ ಮೊತ್ತ.
ಚೇಷ್ಟೆ: ಶುಕ್ರವಾರದೊಳಗೆ ಕಂಪನಿಗೆ ಉತ್ತರ ಬರೆಯುವುದು, ಭಾನುವಾರ ಅಪ್ಪನ ಬಳಿ ಕೂತು ನೇರ ಕೇಳುವುದು, ಗಂಡಿನ ಕಡೆಯವರಿಗೆ ಒಂದು ವರ್ಷ ಕಾಯುವ ಮಾತನ್ನು ಮನೆಯವರ ಮೂಲಕ ಮುಟ್ಟಿಸುವುದು.
ದೈವ: ಅಪ್ಪನ ಮನಸ್ಸು, ಗಂಡಿನ ಕಡೆಯವರ ಉತ್ತರ, ಕಂಪನಿಯ ನಾಳೆ, ಈ ವರ್ಷದ ಬೆಳೆ.

ಹೆಚ್ಚಿನ ಹಾಳೆಗಳು ಕೆಡುವುದು ಕೊನೆಯ ಎರಡು ಸಾಲುಗಳಲ್ಲಿ. ಒಂದು ಬಗೆಯ ತಪ್ಪು, ತನ್ನ ಚೇಷ್ಟೆಯನ್ನು ದೈವಕ್ಕೆ ನೂಕುವುದು: "ಅಪ್ಪ ಒಪ್ಪಲ್ಲ" ಎಂದು ಕೇಳದೆಯೇ ಬರೆದುಬಿಡುವುದು. ಇನ್ನೊಂದು, ದೈವವನ್ನು ಚೇಷ್ಟೆಗೆ ಎಳೆದುಕೊಳ್ಳುವುದು: "ಅಪ್ಪನನ್ನು ಒಪ್ಪಿಸುವುದು". ಒಪ್ಪಿಸುವುದು ನಿಮ್ಮ ಕೆಲಸವಲ್ಲ, ಸ್ಪಷ್ಟವಾಗಿ ಕೇಳುವುದು ನಿಮ್ಮ ಕೆಲಸ. ಮೊದಲ ತಪ್ಪಿನಿಂದ ಜಡತ್ವ ಬರುತ್ತದೆ, ಎರಡನೆಯದರಿಂದ ಆತಂಕ. ಸರಿಯಾದ ಅಳತೆಗೋಲು ಕ್ರಿಯಾಪದದಲ್ಲಿದೆ: ಆ ಕ್ರಿಯೆಯನ್ನು ಬೇರೆ ಯಾರ ಒಪ್ಪಿಗೆಯೂ ಇಲ್ಲದೆ, ಒಂದು ತಾರೀಖಿನೊಳಗೆ ನೀವೇ ಮಾಡಿ ಮುಗಿಸಬಹುದೇ? ಹೌದಾದರೆ ಚೇಷ್ಟೆ, ಇಲ್ಲವಾದರೆ ದೈವ. ಪ್ರತಿ ಚೇಷ್ಟೆಯ ಮುಂದೆ ತಾರೀಖು ಬರೆಯಿರಿ. ತಾರೀಖಿಲ್ಲದ ಚೇಷ್ಟೆ ಆಸೆಯಾಗಿಯೇ ಉಳಿಯುತ್ತದೆ.

ಹೆಜ್ಜೆ 2: ರಾಗ-ದ್ವೇಷದ ಕೂಳೆ ಗುರುತಿಸುವುದು

ಕಬ್ಬು ಕಡಿದ ಮೇಲೆ ಬುಡದಿಂದ ತಾನಾಗಿ ಚಿಗುರುವ ಕೂಳೆಯನ್ನು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಯಾರೂ ನೆಡಲಿಲ್ಲ, ಆದರೂ ಬಂತು. ಸಂಸ್ಕಾರಗಳೂ (ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟ ಅಚ್ಚುಗಳೂ) ಹಾಗೆಯೇ. "ಇಂದ್ರಿಯಸ್ಯೇಂದ್ರಿಯಸ್ಯಾರ್ಥೇ ರಾಗದ್ವೇಷೌ ವ್ಯವಸ್ಥಿತೌ" (ಗೀತೆ 3.34): ಪ್ರತಿ ಇಂದ್ರಿಯದ ವಿಷಯದಲ್ಲೂ ಬೇಕು-ಬೇಡ ಮೊದಲೇ ಕೂತಿವೆ. ಅವು ಹುಟ್ಟಬಾರದು ಎಂದು ಆ ಶ್ಲೋಕ ಹೇಳುವುದಿಲ್ಲ, ಅವುಗಳ ಕೈಗೆ ಸಿಕ್ಕಿಬೀಳಬೇಡ ಎನ್ನುತ್ತದೆ. ಚಿಗುರು ಬಂದದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅದಕ್ಕೆ ನೀರು ಹಾಯಿಸಬೇಕೋ ಬೇಡವೋ ಎನ್ನುವುದು ನಿಮ್ಮ ಆಯ್ಕೆ.

ನೀರು ಹಾಯಿಸುವುದು ಹೇಗೆ ನಡೆಯುತ್ತದೆ ಎನ್ನುವುದನ್ನು ಗೀತೆಯ 2.62-63 ಸರಪಳಿಯಾಗಿ ಹೇಳುತ್ತವೆ: ವಿಷಯದ ಚಿಂತನೆ, ಅದರಿಂದ ಸಂಗ (ಅಂಟು), ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಂಮೋಹ, ಅದರಿಂದ ಸ್ಮೃತಿ ತಪ್ಪುವುದು, ಸ್ಮೃತಿ ತಪ್ಪಿದರೆ ಬುದ್ಧಿನಾಶ, ಅಲ್ಲಿಂದ ನಾಶ. ಮೇಲಿನ ಉದಾಹರಣೆಯಲ್ಲಿ, ಬೆಂಗಳೂರಿನ ದೊಡ್ಡಪ್ಪನ ಮಗಳ ಫೋಟೋ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವುದು ಚಿಂತನೆ. "ನಂಗೂ ಅಂಥದೇ ಬೇಕು" ಎನ್ನುವುದು ಸಂಗ-ಕಾಮ. ಬೆಳಿಗ್ಗೆ ಅವ್ವ ಕಾಫಿ ಕೊಡುವಾಗ ಕಾರಣವಿಲ್ಲದೆ ರೇಗುವುದು ಕ್ರೋಧ. ಆ ಹೊತ್ತಿಗೆ ಕತ್ತರಿಸುವ ಜಾಗ ದಾಟಿಹೋಗಿರುತ್ತದೆ.

ಆದ್ದರಿಂದ ಕತ್ತರಿಸಬೇಕಾದದ್ದು ಮೊದಲ ಎರಡು ಕೊಂಡಿಗಳಲ್ಲಿ. ಕ್ರಮ ಹೀಗಿದೆ. ಮೈ ಕೊಡುವ ಸೂಚನೆ ಹಿಡಿಯಿರಿ: ಎದೆ ಬಿಸಿ, ಭುಜ ಮೇಲೇರುವುದು, ಉಸಿರು ಗಂಟಲಲ್ಲೇ ನಿಲ್ಲುವುದು. ಮನಸ್ಸಿನಲ್ಲೇ ಹೆಸರಿಡಿ: "ರಾಗ" ಅಥವಾ "ದ್ವೇಷ", ಒಂದೇ ಪದ. ಆಮೇಲೆ ಕೂತು 12 ಉಸಿರು: ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ. ಒಂದು ಉಸಿರಿಗೆ 10 ಸೆಕೆಂಡ್, ಒಟ್ಟು ಎರಡು ನಿಮಿಷ. ಉಸಿರು ಕಟ್ಟಬೇಡಿ, ರಕ್ತದೊತ್ತಡ ಇರುವವರು, ಗರ್ಭಿಣಿಯರು ಕುಂಭಕ ಮಾಡಲೇಬಾರದು. ಹನ್ನೆರಡನೇ ಉಸಿರಿಗೂ ಇನ್ನೂ ಕುದಿಯುತ್ತಿದ್ದರೆ ಇನ್ನೊಂದು ಸುತ್ತು. ಮೂರು ಸುತ್ತಿಗೂ ಇಳಿಯದಿದ್ದರೆ ಆ ದಿನ ಆ ವಿಷಯದಲ್ಲಿ ಬಾಯಿ ತೆರೆಯಬೇಡಿ, ಮೆಸೇಜ್ ಕಳಿಸಬೇಡಿ.

ಬುಡ ಕೀಳುವುದಕ್ಕೆ ಪತಂಜಲಿ ತನ್ನ ಯೋಗಸೂತ್ರದಲ್ಲಿ ಎರಡು ಸಾಧನ ಕೊಡುತ್ತಾನೆ. ಕೆಟ್ಟ ಯೋಚನೆ ಬಾಧಿಸಿದಾಗ ಅದರ ಎದುರು ಭಾವವನ್ನು ಬೇಕೆಂದೇ ತರುವುದು (2.33). ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಪಾಪಿಗಳಲ್ಲಿ ಉಪೇಕ್ಷೆ (1.33). ದೊಡ್ಡಪ್ಪನ ಮಗಳ ವಿಷಯದಲ್ಲಿ ಬೇಕಾದದ್ದು ಮೈತ್ರಿ. ಅವಳಿಗೆ ಒಂದು ಫೋನ್ ಮಾಡಿ ಕೆಲಸ ಹೇಗಿದೆ ಎಂದು ಕೇಳಿದರೆ ಹೊಟ್ಟೆಕಿಚ್ಚು ಮಾಹಿತಿಯಾಗಿ ಬದಲಾಗುತ್ತದೆ.

ಹೆಜ್ಜೆ 3: ಶ್ರೇಯಸ್ಸು ಮತ್ತು ಪ್ರೇಯಸ್ಸು

ಕಠೋಪನಿಷತ್ತು (1.2.1-2) ಹೇಳುವಂತೆ ಒಳಿತಾದದ್ದೂ ಹಿತವೆನಿಸುವುದೂ ಎರಡೂ ಮನುಷ್ಯನ ಬಳಿ ಬರುತ್ತವೆ, ಧೀರನು ಎರಡನ್ನೂ ಸುತ್ತ ನೋಡಿ ಬೇರ್ಪಡಿಸುತ್ತಾನೆ. "ಬೇರ್ಪಡಿಸು" ಎಂಬ ಕ್ರಿಯೆಗೆ ಹೊತ್ತು ಬೇಕು, ಅದಕ್ಕಾಗಿಯೇ ಹಿಂದಿನ ಹೆಜ್ಜೆ. ಅದೇ ಉಪನಿಷತ್ತಿನ ರಥದ ಚಿತ್ರದಲ್ಲಿ ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಕುದುರೆಯನ್ನು ಕೊಲ್ಲು ಎಂದು ಅಲ್ಲಿ ಎಲ್ಲೂ ಇಲ್ಲ. ಪ್ರೇಯಸ್ಸು ಪಾಪವೂ ಅಲ್ಲ. ನಾಲ್ಕು ಪುರುಷಾರ್ಥಗಳಲ್ಲಿ ಅರ್ಥ, ಕಾಮ ಎರಡೂ ಇವೆ. ಸಂಬಳ ಬೇಕೆನ್ನುವುದು ತಪ್ಪಲ್ಲ.

ಹಾಳೆಯ ಹಿಂಬದಿಯಲ್ಲಿ ಪ್ರತಿ ದಾರಿಗೂ ಈ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಸಾಲು ಬರೆಯಿರಿ. ಅಂದುಕೊಂಡ ಫಲ ಬಾರದಿದ್ದರೂ ಈ ಕೆಲಸ ಮಾಡಿದ್ದು ಸರಿ ಎನಿಸುತ್ತದೆಯೇ? ಇದಕ್ಕಾಗಿ ಯಾರ ಬಳಿಯಾದರೂ ಸುಳ್ಳು ಹೇಳಬೇಕೇ? ಇದರ ಭಾರ ಯಾರ ಹೆಗಲಿಗೆ ಬೀಳುತ್ತದೆ, ಅವರಿಗೆ ಅದು ಗೊತ್ತಿದೆಯೇ? ನನ್ನ ಸ್ವಭಾವ ಈ ಕೆಲಸವನ್ನು ಹತ್ತು ವರ್ಷ ಹೊರಬಲ್ಲದೇ?

ಕೊನೆಯ ಪ್ರಶ್ನೆ ಸ್ವಧರ್ಮದ್ದು (ಗೀತೆ 3.35, 18.47). ಈ ಪದವನ್ನು ಬಹಳ ಕಾಲ ಬೇರೆಯವರ ಬಾಯಿ ಮುಚ್ಚಿಸಲು, ಅದರಲ್ಲೂ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸಲಾಗಿದೆ. "ಸ್ವ" ಎಂದರೆ ತನ್ನದು. ನಿಮ್ಮ ಸ್ವಭಾವ, ನೀವು ಹೊತ್ತ ಜವಾಬ್ದಾರಿ ಎರಡನ್ನೂ ತೂಗಬೇಕಾದವರು ನೀವೇ. ಹಿರಿಯರ ಮಾತು ಆ ತಕ್ಕಡಿಗೆ ಬೀಳಲೇಬೇಕಾದ ತೂಕ. ಆದರೆ ತಕ್ಕಡಿ ಹಿಡಿಯುವ ಕೈ ನಿಮ್ಮದೇ ಆಗಿರಬೇಕು.

ಎಷ್ಟು ಕಾಯಬೇಕು? ಶಾಸ್ತ್ರ ದಿನ ಎಣಿಸಿ ಹೇಳಿಲ್ಲ; ನಾವು ಸೂಚಿಸುವ ಲೆಕ್ಕ ಇದು. ಸಣ್ಣ ಮಾತಿಗೆ 12 ಉಸಿರು. ದುಡ್ಡಿನ, ನೆಂಟಸ್ತಿಕೆಯ ಮಾತಿಗೆ ಒಂದು ರಾತ್ರಿ. ಕೆಲಸ, ಮದುವೆ, ಜಮೀನು, ಸಾಲದ ವಿಷಯಕ್ಕೆ ಮೂರು ರಾತ್ರಿ. ಮೂರೂ ಬೆಳಿಗ್ಗೆ, ಹಿಂದಿನ ದಿನದ ಪುಟ ನೋಡದೆ, ಉತ್ತರವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮೂರೂ ಒಂದೇ ಆದರೆ ತೀರ್ಮಾನ ಆಯಿತು. ಬೇರೆ ಬೇರೆ ಬಂದರೆ ಐದು ಕಾರಣಗಳ ಹಾಳೆಗೆ ವಾಪಸ್ ಹೋಗಿ. ಯಾವುದೋ ಒಂದು ಸಂಗತಿ ಇನ್ನೂ ತಿಳಿದಿಲ್ಲ ಎಂದರ್ಥ. ನಾಲ್ಕನೇ ರಾತ್ರಿಗೆ ತಳ್ಳಬೇಡಿ, ಅದು ಅಕರ್ಮಕ್ಕೆ ಅಂಟಿಕೊಳ್ಳುವ ದಾರಿ.

ಹೆಜ್ಜೆ 4: ಸಂಕಲ್ಪ ಮತ್ತು ಅರ್ಪಣ

ನಮ್ಮ ಪೂಜೆಗಳ ಕಟ್ಟಡದಲ್ಲೇ ಈ ವಿದ್ಯೆ ಅಡಗಿದೆ, ಗಮನಿಸುವವರು ಕಡಿಮೆ. ಶುರುವಿನಲ್ಲಿ ಸಂಕಲ್ಪ: "ಭರತಖಂಡೇ, ಜಂಬೂದ್ವೀಪೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ" ಎಂದು ನಿಂತ ಜಾಗ ಹೇಳುತ್ತೇವೆ; ಸಂವತ್ಸರ, ಮಾಸ, ತಿಥಿ ಹೇಳುತ್ತೇವೆ; ಯಾರು, ಯಾಕೆ, ಏನು ಮಾಡುತ್ತೇನೆ ಎಂದು ಹೇಳುತ್ತೇವೆ. "ಕರಿಷ್ಯೇ" ಎಂದು ಮುಗಿಸುತ್ತೇವೆ, ಅಂದರೆ "ಮಾಡುತ್ತೇನೆ". ಪೂರ್ತಿ ಆಯ್ಕೆಯ ಭಾಷೆ. ಕೊನೆಯಲ್ಲಿ ಉದ್ಧರಣೆಯ ನೀರನ್ನು ತಟ್ಟೆಗೆ ಬಿಟ್ಟು "ಶ್ರೀಕೃಷ್ಣಾರ್ಪಣಮಸ್ತು" ಎನ್ನುತ್ತೇವೆ. ಅದು ಪೂರ್ತಿ ಬಿಡುವ ಭಾಷೆ. ಮೊದಲು ಹಿಡಿ, ಮಾಡು, ಆಮೇಲೆ ಬಿಡು.

ತೀರ್ಮಾನವಾದ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಸಂಕಲ್ಪ ಬರೆಯಿರಿ: ಊರು, ತಾರೀಖು, ಹೆಸರು, ಮಾಡುವ ಕೆಲಸ, ಮುಗಿಸುವ ದಿನ. ಗಟ್ಟಿಯಾಗಿ ಓದಿ. "ಪ್ರಯತ್ನ ಮಾಡ್ತೀನಿ" ಎಂದು ಬರೆಯಬೇಡಿ, "ಮಾಡುತ್ತೇನೆ" ಎನ್ನಿ. ಕೆಲಸ ಮುಗಿದ ದಿನ, ಫಲ ಬರುವ ಮೊದಲೇ, ಒಂದು ಉದ್ಧರಣೆ ನೀರು ಬಿಟ್ಟು ಅರ್ಪಣ ಹೇಳಿ. ಫಲ ಬಂದ ಮೇಲೆ ಅರ್ಪಿಸಿದರೆ ಅದು ಚೌಕಾಸಿಯಾಗುತ್ತದೆ. ನಿಮ್ಮ ಸಂಪ್ರದಾಯದಲ್ಲಿ ಇಷ್ಟಲಿಂಗ ಪೂಜೆ ಇದ್ದರೆ ಅಲ್ಲಿ, ದೇವರ ಕಲ್ಪನೆಯೇ ಬೇಡವೆಂದರೆ ತುಳಸಿ ಗಿಡದ ಬುಡಕ್ಕೆ ಬಿಡಿ; ಕೈಯಿಂದ ಏನಾದರೂ ಜಾರಿ ಹೋಗುವುದನ್ನು ಮೈ ಅನುಭವಿಸಬೇಕು, ಅಷ್ಟೆ.

ಅರ್ಪಣದ ನಂತರ ಫಲವನ್ನು ಎಷ್ಟು ಸಲ ನೋಡಬೇಕೆಂದು ಮೊದಲೇ ನಿಗದಿ ಮಾಡಿ. ಕಟ್ಟೆಯ ಮಟ್ಟ ದಿನಕ್ಕೊಮ್ಮೆ ಸಾಕು. ಮೇಲ್‌ಬಾಕ್ಸ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಹೆಜ್ಜೆ 5: ಫಲ ಬಂದಾಗ

ಮೇಲುಕೋಟೆಯ ಚೆಲುವನಾರಾಯಣನ ಪುಳಿಯೋಗರೆಯನ್ನು ಅಂಗೈಯಲ್ಲಿ ಹಿಡಿದು ಯಾರೂ "ಉಪ್ಪು ಸ್ವಲ್ಪ ಕಡಿಮೆ" ಎನ್ನುವುದಿಲ್ಲ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಇದೇ ಪ್ರಸಾದಬುದ್ಧಿ. ವೀರಶೈವರ ಅಷ್ಟಾವರಣಗಳಲ್ಲೂ ಪ್ರಸಾದ ಒಂದು. ಪ್ರಸಾದವೆಂದು ತಿಂದ ಮೇಲೆ ಮನೆಗೆ ಬಂದು ಹುಣಸೆ ಗೊಜ್ಜನ್ನು ಇನ್ನೂ ಚೆನ್ನಾಗಿ ಮಾಡಲು ಅಡ್ಡಿಯೇನಿಲ್ಲ. ಒಪ್ಪಿಕೊಳ್ಳುವುದು ಬಂದದ್ದನ್ನು, ತಿದ್ದುವುದು ಮುಂದಿನದನ್ನು.

ಫಲಿತಾಂಶ ಬಂದ ಮೊದಲ ಒಂದು ಗಂಟೆ ಯಾವ ತೀರ್ಮಾನವೂ ಬೇಡ, ಸ್ಟೇಟಸ್ ಹಾಕುವುದೂ ಬೇಡ. ಮೈಯಲ್ಲಿ ಏನಾಗುತ್ತಿದೆ ನೋಡಿ, ಅಳು ಬಂದರೆ ಅಳಿ. "ಮಾತ್ರಾಸ್ಪರ್ಶಾಸ್ತು ಕೌಂತೇಯ" (ಗೀತೆ 2.14) ಹೇಳುವುದು ಇವು ಬರುತ್ತವೆ, ಹೋಗುತ್ತವೆ ಎಂದು, ಬರುವುದೇ ಇಲ್ಲ ಎಂದಲ್ಲ. ಗಂಟೆ ಕಳೆದ ಮೇಲೆ ಮುಂದಿನ ಒಂದು ಚೇಷ್ಟೆ, ತಾರೀಖು ಸಹಿತ ಬರೆಯಿರಿ.

ಜಯದಲ್ಲೂ ಇದೇ ನಿಯಮ. ಸಮತ್ವವನ್ನು ನಾವು ಸೋಲಿನ ಔಷಧಿಯಾಗಿ ಮಾತ್ರ ಇಟ್ಟುಕೊಂಡಿದ್ದೇವೆ, ಆದರೆ ಗೀತೆ ಲಾಭ-ಅಲಾಭ, ಜಯ-ಅಪಜಯ ಎರಡನ್ನೂ ಒಟ್ಟಿಗೇ ಹೇಳುತ್ತದೆ (2.38). ಕಬ್ಬಿಗೆ ಒಳ್ಳೆ ರೇಟು ಬಂದ ವರ್ಷದ ಹುಮ್ಮಸ್ಸಿನಲ್ಲಿ ತೆಗೆದ ಸಾಲ, ರೇಟು ಬಿದ್ದ ವರ್ಷದ ಸಾಲಕ್ಕಿಂತ ಹೆಚ್ಚು ದಿನ ಕಾಡುತ್ತದೆ.

ವಾರಕ್ಕೊಮ್ಮೆ ಬೆಟ್ಟ

ಮೈಸೂರಿನವರಿಗೆ ಒಂದು ಹೆಚ್ಚುವರಿ ಸಾಧನವಿದೆ. ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳು, ನಡುದಾರಿಯಲ್ಲಿ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಡೆಸಿದ ಏಕಶಿಲಾ ನಂದಿ. ಭಾನುವಾರ ಬೆಳಗಿನ ಆರಕ್ಕೆ ಹತ್ತಿ. ನಿಯಮ ಒಂದೇ: ಇನ್ನೆಷ್ಟಿದೆ ಎಂದು ಕೇಳಬಾರದು, ತಲೆ ಎತ್ತಿ ಅಳೆಯಬಾರದು. ಎರಡು ಮೆಟ್ಟಿಲಿಗೆ ಒಂದು ಉಸಿರು. ಸುಸ್ತಾದರೆ ಕೂರುವುದು ನಿಮ್ಮ ಆಯ್ಕೆ. ಆದರೆ "ಸುಸ್ತು" ಮತ್ತು "ಸಾಕಪ್ಪ ಇದು" ಎರಡೂ ಬೇರೆ ಎಂದು ಇನ್ನೂರನೇ ಮೆಟ್ಟಿಲಿನ ಹೊತ್ತಿಗೆ ಗೊತ್ತಾಗುತ್ತದೆ. ಒಂದು ಮೈಯದು, ಇನ್ನೊಂದು ದ್ವೇಷದ ದನಿ. ಮಂಡಿ ನೋವು, ಹೃದಯದ ತೊಂದರೆ ಇರುವವರು ಕುಕ್ಕರಹಳ್ಳಿ ಕೆರೆಯ ಸುತ್ತು ಹಾಕಿದರೆ ಸಾಕು.

ಕೆಡುವುದೆಲ್ಲಿ

ಮೂರನೇ ವಾರದ ಸುಮಾರಿಗೆ "ನಾನು ಬದಲಾಗಿದ್ದೇನೆ" ಎಂಬ ಹೆಮ್ಮೆ ಬರುತ್ತದೆ, ಮನೆಯವರ ಸಿಟ್ಟು ಕೀಳಾಗಿ ಕಾಣತೊಡಗುತ್ತದೆ. ಇದೂ ರಾಗವೇ, ಹೆಸರಿಟ್ಟು ಬಿಡಿ.

ಕರ್ಮ ಸಿದ್ಧಾಂತವನ್ನು ಬೇರೆಯವರ ನೋವಿಗೆ ಅನ್ವಯಿಸಬೇಡಿ. ಮಗುವನ್ನು ಕಳೆದುಕೊಂಡವರ ಮುಂದೆ "ಪ್ರಾರಬ್ಧ" ಎನ್ನುವುದು ಕ್ರೌರ್ಯ. ಆ ಪದವಿರುವುದು ತನ್ನ ಪಾಲಿಗೆ ಬಂದದ್ದನ್ನು ತಾನು ಹೊರುವುದಕ್ಕೆ. ಪರರ ದುಃಖದಲ್ಲಿ ಪತಂಜಲಿ ಹೇಳಿದ್ದು ಕರುಣೆ.

ಹೊಡೆತ, ಬೈಗುಳ, ವರದಕ್ಷಿಣೆಯ ಕಿರುಕುಳವನ್ನು ಸಹಿಸುವುದು ಗೀತೆ ಹೇಳುವ ತಿತಿಕ್ಷೆ (ಸಹನೆ) ಅಲ್ಲ. ತಿತಿಕ್ಷೆಯ ಶ್ಲೋಕದಲ್ಲಿ (2.14) ಇರುವುದು ಚಳಿ-ಸೆಕೆ, ಸುಖ-ದುಃಖ. ಅನ್ಯಾಯದ ಎದುರು ಅದೇ ಅಧ್ಯಾಯ ಎದ್ದೇಳು ಎನ್ನುತ್ತದೆ. ಮನೆಯಿಂದ ಹೊರಬರುವುದೂ ದೂರು ಕೊಡುವುದೂ ನಿಮ್ಮ ಚೇಷ್ಟೆಯ ಸಾಲಿಗೆ ಸೇರುತ್ತವೆ.

ಎರಡು ವಾರಕ್ಕೂ ಹೆಚ್ಚು ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ನೋಟ್‌ಬುಕ್ ಮುಚ್ಚಿ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಳ್ಳುವುದರಿಂದ ಸಾಧನೆಗೆ ಯಾವ ಕುಂದೂ ಇಲ್ಲ.

48 ದಿನದ ಹಂಚಿಕೆ

1ರಿಂದ 7ನೇ ದಿನ ಬೆಳಿಗ್ಗೆ 12 ಉಸಿರು, ರಾತ್ರಿ ಆ ದಿನ ಮನಸ್ಸು ಅಲುಗಿದ ಒಂದು ಘಟನೆ ಮೂರು ಸಾಲಿನಲ್ಲಿ. ತಿದ್ದುವುದು ಬೇಡ, ನೋಡುವುದಷ್ಟೆ. 8ರಿಂದ 21ರವರೆಗೆ ಬೆಳಿಗ್ಗೆ ಯಾವುದಾದರೂ ಸಣ್ಣ ವಿಷಯಕ್ಕೆ ಐದು ಕಾರಣಗಳ ಹಾಳೆ. ಗ್ಯಾಸ್ ಸಿಲಿಂಡರ್ ಬಾರದ್ದೂ ಆಗಬಹುದು. ರಾತ್ರಿ ಸರಪಳಿಯ ಎಷ್ಟನೇ ಕೊಂಡಿಯಲ್ಲಿ ಎಚ್ಚರವಾಯಿತು ಎಂಬ ಅಂಕಿ ಬರೆಯಿರಿ: ಚಿಂತನೆ 1, ಸಂಗ 2, ಕಾಮ 3, ಕ್ರೋಧ 4, ಹೀಗೆ. ಹೆಚ್ಚಿನವರಿಗೆ ಮೊದಮೊದಲು 4, 5 ಬರುತ್ತದೆ. ತಿಂಗಳ ಹೊತ್ತಿಗೆ 3ಕ್ಕೆ ಇಳಿದರೆ ಅದೇ ದೊಡ್ಡ ಬೆಳೆ. 22ರ ನಂತರವೇ ದೊಡ್ಡ ತೀರ್ಮಾನವೊಂದನ್ನು ಹಿಡಿದು ಐದೂ ಹೆಜ್ಜೆ ನಡೆಸಿ.

ದಿನ ತಪ್ಪಿದರೆ? ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದರೆ ಅಭ್ಯಾಸ ಗಟ್ಟಿಯಾಗುತ್ತದೆ ಎಂದು ಯೋಗಸೂತ್ರ (1.14) ಹೇಳುತ್ತದೆ, ಇಲ್ಲಿ ಶುರುಮಾಡಿದ್ದು ನಷ್ಟವಾಗುವುದಿಲ್ಲ ಎಂದು ಗೀತೆ (2.40) ಹೇಳುತ್ತದೆ. ಎರಡನ್ನೂ ಇಟ್ಟುಕೊಳ್ಳಿ. ತಪ್ಪಿದ ದಿನದ ಪುಟವನ್ನು ಮರುದಿನ ನೆನಪಿನಿಂದ ತುಂಬಬೇಡಿ. ತಾರೀಖು ಹಾಕಿ, "ಬಿಟ್ಟುಹೋಯಿತು" ಎಂದು ಬರೆದು, ಪುಟ ತಿರುಗಿಸಿ. ಒಂದು ದಿನ ತಪ್ಪಿದರೆ ಮಂಡಲದ ಕೊನೆಗೆ ಒಂದು ದಿನ ಸೇರಿಸಿ. ಮಿಕ್ಕ ನಾಲ್ಕು ಪುಟ ಇರುವುದು ಅದಕ್ಕೇ. ಸತತ ಏಳು ದಿನ ತಪ್ಪಿದ್ದರೆ ಮಾತ್ರ ಹೊಸ ನೋಟ್‌ಬುಕ್ ತಂದು ಒಂದನೇ ದಿನದಿಂದ ಶುರು ಮಾಡಿ.